ಮುಂದಕ್ಕೆ ಅಂದರೆ ಹಿಂದಕ್ಕೆ: ಆಫೀಸ್ ಇಂಗ್ಲಿಷ್ ಅರ್ಥ ಮಾಡಿಕೊಳ್ಳುವುದು ಹೇಗೆ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮೀಟಿಂಗ್. ರಾತ್ರಿ ಕೂತು ಸ್ಲೈಡ್ ಮಾಡಿದ್ದೆ, ಏನು ಹೇಳಬೇಕು ಅಂತ ನಾಲ್ಕು ಸಲ ಬಾಯಿಪಾಠ ಕೂಡ ಮಾಡಿದ್ದೆ. ನನ್ನ ಸರದಿ ಬಂತು. ಕಾಲ್‌ನಲ್ಲಿದ್ದ ಅಮೆರಿಕದ ಮ್ಯಾನೇಜರ್ ‘ಲೆಟ್ಸ್ ಟೇಬಲ್ ದಿಸ್’ ಅಂದರು. ಟೇಬಲ್ ಅಂದರೆ ಮೇಜು, ಮೇಜಿನ ಮೇಲೆ ಇಡು ಅಂದರೆ ಶುರು ಮಾಡು ಅಂತ ತಾನೆ? ನಾನು ಖುಷಿಯಾಗಿ ಸ್ಲೈಡ್ ತೆರೆದು ಶುರು ಹಚ್ಚಿಕೊಂಡೆ. ಆ ಕಡೆ ಯಾರೋ ಕೆಮ್ಮಿದರು. ಇನ್ನೊಬ್ಬರು ನಿಧಾನಕ್ಕೆ ‘ನೆಕ್ಸ್ಟ್ ಐಟಂ’ ಅಂದರು.

ಅಮೆರಿಕದವರ ಬಾಯಲ್ಲಿ ಆ ಮಾತಿಗೆ ‘ಸದ್ಯಕ್ಕೆ ಇದನ್ನು ಪಕ್ಕಕ್ಕಿಡೋಣ’ ಅಂತ ಅರ್ಥ. ಬ್ರಿಟನ್‌ನವರ ಬಾಯಲ್ಲಿ ‘ಈಗ ಚರ್ಚೆಗೆ ತಗೊಳ್ಳೋಣ’ ಅಂತ. ಪೂರ್ತಿ ಉಲ್ಟಾ. ನನ್ನೊಬ್ಬನಿಗೇ ಹೀಗಾಯಿತು ಅಂತ ಬೇಜಾರಾಗಿತ್ತು, ಆಮೇಲೆ ಸಮಾಧಾನ ಸಿಕ್ಕಿತು. ಎರಡನೇ ಮಹಾಯುದ್ಧದ ಸಮಯದಲ್ಲಿ ಬ್ರಿಟನ್ ಮತ್ತು ಅಮೆರಿಕದ ಸೇನಾ ಅಧಿಕಾರಿಗಳು ಇದೇ ಪದದ ಮೇಲೆ ತುಂಬಾ ಹೊತ್ತು ಜಗಳ ಆಡಿದರು, ಕೊನೆಗೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದು ಒಂದೇ ಆಗಿತ್ತು ಅಂತ ಚರ್ಚಿಲ್ ಬರೆದಿದ್ದಾರೆ. ಇಂಗ್ಲಿಷೇ ಮಾತೃಭಾಷೆ ಆದವರ ಗತಿ ಇದು.

ಇಂಥ ಮಾತು ಕಿವಿಗೆ ಬಿದ್ದಾಗ ‘ಇದರ ಅರ್ಥ ಏನು’ ಅಂತ ಮಾತ್ರ ಹುಡುಕಿದರೆ ಅರ್ಧ ದಾರಿಯಲ್ಲೇ ನಿಲ್ಲುತ್ತೀರಿ. ‘ಇದನ್ನು ಹೇಳಿದವರಿಗೆ ಈಗ ನನ್ನಿಂದ ಏನಾಗಬೇಕು’ ಅಂತ ಕೇಳಿಕೊಳ್ಳಿ. ಇದೇನೂ ನಮಗೆ ಹೊಸ ವಿದ್ಯೆ ಅಲ್ಲ. ಕನ್ನಡದಲ್ಲಿ ಯಾರಾದರೂ ‘ನೋಡೋಣ’ ಅಂದರೆ ನಾವು ಕಣ್ಣರಳಿಸಿ ನೋಡುತ್ತಾ ಕೂರುತ್ತೇವಾ? ಇದು ಬಹುಶಃ ಆಗಲ್ಲ ಅಂತ ಅಂದುಕೊಂಡು ಬೇರೆ ದಾರಿ ಹುಡುಕುತ್ತೇವೆ. ಆ ಕಿವಿಯನ್ನೇ ಇಂಗ್ಲಿಷ್ ಕಡೆಗೂ ತಿರುಗಿಸಬೇಕು, ಅಷ್ಟೇ.

ಮೊದಲು ದಿನ, ಗಂಟೆ

ಬೇರೆ ನುಡಿಗಟ್ಟು ತಪ್ಪು ತಿಳಿದರೆ ನಗೆಪಾಟಲಾಗಬಹುದು. ಸಮಯದ ಮಾತು ತಪ್ಪು ತಿಳಿದರೆ ಕೆಲಸವೇ ಕೆಡುತ್ತದೆ. ಅದಕ್ಕೇ ಇದನ್ನು ಮೊದಲು ಕಲಿಯಿರಿ.

ಕನ್ನಡದಲ್ಲಿ ಮೀಟಿಂಗ್ ‘ಮುಂದಕ್ಕೆ ಹೋಯ್ತು’ ಅಂದರೆ ತಡ ಆಯ್ತು ಅಂತ. ಮುಂದೂಡು ಅನ್ನುವ ಪದವೇ ಇದೆಯಲ್ಲ. ಇಂಗ್ಲಿಷ್‌ನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಅಂದರೆ ಮೊದಲೇ ಮಾಡು ಅಂತ. ಶುಕ್ರವಾರ ಇದ್ದದ್ದು ಬುಧವಾರಕ್ಕೆ ಬಂತು. ‘ಪುಶ್ ಬ್ಯಾಕ್’ ಅಂದರೆ ಹಿಂದಕ್ಕೆ ತಳ್ಳು ಅಂತ ಕೇಳಿಸುತ್ತದೆ, ಆದರೆ ಅದು ತಡ ಮಾಡುವುದು, ಅಂದರೆ ನಮ್ಮ ಲೆಕ್ಕದಲ್ಲಿ ಮುಂದಕ್ಕೆ! ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷ್ ಓದುವವರು ಇಲ್ಲಿ ಎಡವುವುದು ಗ್ಯಾರಂಟಿ.

ಇನ್ನೂ ಮಜಾ ಇದೆ. ‘ಬುಧವಾರದ ಮೀಟಿಂಗನ್ನು ಎರಡು ದಿನ ಮೂವ್ ಫಾರ್ವರ್ಡ್ ಮಾಡಲಾಗಿದೆ, ಈಗ ಅದು ಯಾವತ್ತು?’ ಅಂತ ಭಾಷಾ ಸಂಶೋಧಕರು ಇಂಗ್ಲಿಷ್ ಮಾತಾಡುವವರನ್ನೇ ಕೇಳಿದ್ದಾರೆ. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ಕಾಲ ತಮ್ಮ ಕಡೆಗೆ ಬರುತ್ತಿದೆ ಅಂತ ಕಲ್ಪಿಸಿಕೊಂಡವರಿಗೆ ಸೋಮವಾರ, ತಾವೇ ಕಾಲದೊಳಗೆ ನಡೆದು ಹೋಗುತ್ತಿದ್ದೇವೆ ಅಂತ ಕಲ್ಪಿಸಿಕೊಂಡವರಿಗೆ ಶುಕ್ರವಾರ. ಅಂದಮೇಲೆ ನಮಗೆ ಗೊಂದಲ ಆದರೆ ನಾಚಿಕೆ ಯಾಕೆ.

‘ಬೈವೀಕ್ಲಿ’ ಕೂಡ ಇಂಥದ್ದೇ. ವಾರಕ್ಕೆ ಎರಡು ಸಲವೂ ಹೌದು, ಎರಡು ವಾರಕ್ಕೆ ಒಂದು ಸಲವೂ ಹೌದು, ಡಿಕ್ಷನರಿಯಲ್ಲಿ ಎರಡೂ ಇವೆ. ‘ಹಾಫ್ ಸೆವೆನ್’ ಅಂತ ಬ್ರಿಟನ್‌ನವರು ಹೇಳಿದರೆ ಏಳೂವರೆ, ಆರೂವರೆ ಅಲ್ಲ. ‘ಮೊಮೆಂಟರಿಲಿ’ ಅಂದರೆ ಅಮೆರಿಕದಲ್ಲಿ ‘ಇನ್ನೇನು ಈಗಲೇ’, ಬ್ರಿಟನ್‌ನಲ್ಲಿ ‘ಒಂದು ಕ್ಷಣದ ಮಟ್ಟಿಗೆ’. 03/04 ಅಂತ ಬರೆದರೆ ಅಮೆರಿಕದವರಿಗೆ ಮಾರ್ಚ್ 4, ಬ್ರಿಟನ್‌ನವರಿಗೆ ಏಪ್ರಿಲ್ 3. ‘ಇಒಡಿ’ ಅಂದರೆ ದಿನದ ಕೊನೆ, ‘ಸಿಒಬಿ’ ಅಂದರೆ ಆಫೀಸ್ ಮುಚ್ಚುವ ಹೊತ್ತು, ಆದರೆ ಯಾರ ದಿನ, ಯಾವ ಊರಿನ ಆಫೀಸ್? ಬೇರೆ ದೇಶದವರ ಜೊತೆ ಕೆಲಸ ಮಾಡುವಾಗ ಈ ಪ್ರಶ್ನೆಗೆ ಹತ್ತು ಗಂಟೆ ವ್ಯತ್ಯಾಸದ ಬೆಲೆ ಇದೆ.

ಪರಿಹಾರ ಸುಲಭ. ಉತ್ತರ ಬರೆಯುವಾಗ ಆ ಪದವನ್ನೇ ವಾಪಸ್ ಬಳಸಬೇಡಿ. ವಾರ, ತಾರೀಖು, ತಿಂಗಳ ಹೆಸರು, ಗಂಟೆ, ಟೈಮ್ ಝೋನ್ ಎಲ್ಲಾ ಹಾಕಿ ‘ಹಾಗಾದರೆ ಬುಧವಾರ, ಏಪ್ರಿಲ್ 3, ನಿಮ್ಮ ಸಮಯ ಸಂಜೆ 5ಕ್ಕೆ ಕಳಿಸುತ್ತೇನೆ’ ಅಂತ ಬರೆಯಿರಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ನಿಮಗೆ ಪದ ಗೊತ್ತಿರಲಿಲ್ಲ ಅಂತ ಯಾರಿಗೂ ಗೊತ್ತಾಗುವುದೂ ಇಲ್ಲ.

ಮಾತಿನ ಹಿಂದಿನ ಚಿತ್ರ

ಆಫೀಸ್ ಇಂಗ್ಲಿಷ್‌ನ ಮಾತುಗಳು ಆಕಾಶದಿಂದ ಉದುರಿದವಲ್ಲ. ಹೆಚ್ಚಿನವು ಬರುವುದು ಕೆಲವೇ ಜಾಗಗಳಿಂದ: ಆಟದ ಮೈದಾನ, ಹಡಗು, ಯುದ್ಧ, ಜೂಜು, ಲೆಕ್ಕದ ಪುಸ್ತಕ, ಈಚೆಗೆ ಕಂಪ್ಯೂಟರ್. ಆ ಜಾಗ ಹೇಗಿರುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಒಂದೊಂದೇ ಪದ ಉರು ಹೊಡೆಯುವ ಕಷ್ಟ ತಪ್ಪುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವುದು ಬೇಸ್‌ಬಾಲ್, ಯಾಕೆಂದರೆ ನಮ್ಮಲ್ಲಿ ಅದನ್ನು ಆಡುವವರು ಕಡಿಮೆ. ಹತ್ತು ನಿಮಿಷ ಕೊಟ್ಟು ಆ ಆಟದ ನಿಯಮ ಓದಿಬಿಡಿ, ತುಂಬಾ ಉಪಯೋಗ. ಮೈದಾನದಲ್ಲಿ ನಾಲ್ಕು ಬೇಸ್ ಇರುತ್ತವೆ, ಓಡುವವನು ಒಂದೊಂದನ್ನೂ ಮುಟ್ಟಿಕೊಂಡು ಹೋಗಬೇಕು. ‘ಟಚ್ ಬೇಸ್’ ಅಂದರೆ ಹಾಗೇ ಒಮ್ಮೆ ಮುಟ್ಟಿ ಹೋಗುವುದು, ಅಂದರೆ ಐದು ನಿಮಿಷ ಮಾತಾಡಿ ಏನು ನಡೆದಿದೆ ಅಂತ ತಿಳಿದುಕೊಳ್ಳುವುದು. ದೊಡ್ಡ ತಯಾರಿ ಬೇಕಿಲ್ಲ. ‘ಬಾಲ್‌ಪಾರ್ಕ್’ ಅಂದರೆ ಆ ಆಟದ ಮೈದಾನ. ‘ಬಾಲ್‌ಪಾರ್ಕ್ ಫಿಗರ್’ ಕೊಡಿ ಅಂದರೆ ಚೆಂಡು ಮೈದಾನದ ಒಳಗೆ ಬಿದ್ದರೆ ಸಾಕು, ಅಂದಾಜು ಲೆಕ್ಕ ಕೊಡಿ ಅಂತ. ಇದನ್ನು ಕೇಳಿದಾಗ ನೀವು ಎರಡು ದಿನ ಕೂತು ದಶಮಾಂಶದವರೆಗೆ ಲೆಕ್ಕ ಹಾಕಿದರೆ ಅವರಿಗೆ ಸಿಟ್ಟೇ ಬರುತ್ತದೆ. ‘ಕರ್ವ್‌ಬಾಲ್’ ಅಂದರೆ ಬಾಗಿ ಬರುವ ಎಸೆತ, ನಿರೀಕ್ಷೆ ಇಲ್ಲದ ಪ್ರಶ್ನೆ ಅಥವಾ ತೊಂದರೆ. ಬ್ಯಾಟ್ ಮಾಡುವವನು ನಿಲ್ಲುವ ಜಾಗಕ್ಕೆ ಪ್ಲೇಟ್ ಅನ್ನುತ್ತಾರೆ. ‘ಸ್ಟೆಪ್ ಅಪ್ ಟು ದ ಪ್ಲೇಟ್’ ಅಂದಾಗ ಊಟದ ತಟ್ಟೆ ನೆನಪಾದರೆ ನಿಮ್ಮ ತಪ್ಪಲ್ಲ, ಆದರೆ ಅದು ‘ಜವಾಬ್ದಾರಿ ತಗೋ’ ಅನ್ನುವ ಮಾತು.

ಕ್ರಿಕೆಟ್ ನಮಗೆ ಗೊತ್ತು ಅಂತ ಬೀಗಬೇಡಿ, ಅಲ್ಲೂ ಒಂದು ಗುಂಡಿ ಇದೆ. ಬ್ರಿಟಿಷ್ ಸಹೋದ್ಯೋಗಿ ‘ದ ನ್ಯೂಸ್ ನಾಕ್ಡ್ ಮಿ ಫಾರ್ ಸಿಕ್ಸ್’ ಅಂದರೆ ಸಿಕ್ಸರ್ ಹೊಡೆದ ಖುಷಿ ಅಂತ ಅಭಿನಂದನೆ ಹೇಳಬೇಡಿ. ಅಲ್ಲಿ ಅವರು ಬ್ಯಾಟ್ ಹಿಡಿದವರಲ್ಲ, ಏಟು ತಿಂದ ಚೆಂಡು. ಸುದ್ದಿ ಕೇಳಿ ತತ್ತರಿಸಿ ಹೋದೆ ಅಂತ ಅರ್ಥ. ‘ಸ್ಟಿಕಿ ವಿಕೆಟ್’ ಅಂದರೆ ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತಿರುವ ಪಿಚ್, ಚೆಂಡು ಹೇಗೆ ಏಳುತ್ತದೋ ಹೇಳಲಾಗದು. ಇಕ್ಕಟ್ಟಿನ ಪರಿಸ್ಥಿತಿ.

ಹಡಗಿನ ಮಾತುಗಳು ಸುಲಭ. ಹಾಯಿ ಹಡಗಿನಲ್ಲಿ ನೂರಾರು ಹಗ್ಗ, ಯಾವುದು ಯಾವುದಕ್ಕೆ ಅಂತ ಕಲಿಯುವುದೇ ಹೊಸಬನ ಮೊದಲ ಕೆಲಸ, ಅದಕ್ಕೇ ‘ಲರ್ನ್ ದ ರೋಪ್ಸ್’. ಕಷ್ಟ ಬಂದಾಗ ಎಲ್ಲರೂ ಮೇಲಕ್ಕೆ ಬನ್ನಿ ಅನ್ನುವ ಕೂಗು ‘ಆಲ್ ಹ್ಯಾಂಡ್ಸ್ ಆನ್ ಡೆಕ್’, ಈಗ ಇಡೀ ಕಂಪನಿ ಕೂರುವ ಸಭೆಗೆ ಆಲ್ ಹ್ಯಾಂಡ್ಸ್ ಅನ್ನುತ್ತಾರೆ. ‘ಥ್ರೋ ಇನ್ ದ ಟವೆಲ್’ ಬಾಕ್ಸಿಂಗ್‌ನದು: ಇನ್ನು ಆಗಲ್ಲ ಅಂತ ಆಟಗಾರನ ಕಡೆಯವರು ಟವೆಲ್ ಎಸೆಯುವುದು, ಸೋಲು ಒಪ್ಪಿಕೊಳ್ಳುವುದು. ಲೆಕ್ಕದ ಪುಸ್ತಕದಲ್ಲಿ ನಷ್ಟವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು, ಹಾಗಾಗಿ ‘ಇನ್ ದ ರೆಡ್’ ಅಂದರೆ ನಷ್ಟ, ‘ಇನ್ ದ ಬ್ಲ್ಯಾಕ್’ ಅಂದರೆ ಲಾಭ. ಕಪ್ಪು ಅಂದರೆ ಕೆಟ್ಟದ್ದು ಅಂದುಕೊಂಡು ‘ಕಂಪನಿ ಬ್ಲ್ಯಾಕ್‌ನಲ್ಲಿದೆಯಂತೆ, ಪಾಪ’ ಅಂದವರನ್ನು ನಾನು ನೋಡಿದ್ದೇನೆ. ಲೆಕ್ಕದ ಕೊನೆಯ ಸಾಲು ‘ಬಾಟಮ್ ಲೈನ್’, ಅಂದರೆ ಕಟ್ಟಕಡೆಗೆ ಉಳಿಯುವುದು, ಮುಖ್ಯ ವಿಷಯ.

‘ಡೆಡ್‌ಲೈನ್’ ಕಥೆ ಮಾತ್ರ ಭಯಾನಕ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರ ಹೊತ್ತಿಗೆ, ಆಂಡರ್ಸನ್‌ವಿಲ್ ಎಂಬ ಜೈಲು ಶಿಬಿರದಲ್ಲಿ ಒಂದು ಗೆರೆ ಇತ್ತು, ಅದನ್ನು ದಾಟಿದ ಕೈದಿಗೆ ಗುಂಡು ಹೊಡೆಯುತ್ತಿದ್ದರು. ಆ ಗೆರೆಯ ಹೆಸರು ಡೆಡ್‌ಲೈನ್. ಪತ್ರಿಕಾ ಕಚೇರಿಗಳಿಗೆ ಆಮೇಲೆ ಬಂತು, ನಮ್ಮ ಪಾಲಿಗೆ ಈಗ ಬರೀ ಮೇಲ್‌ನಲ್ಲಿ ಬರುತ್ತದೆ.

ಆದರೆ ಒಂದು ಎಚ್ಚರಿಕೆ. ಪದಗಳ ಹುಟ್ಟಿನ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಕಥೆಗಳಲ್ಲಿ ಅರ್ಧಕ್ಕರ್ಧ ಕಟ್ಟುಕಥೆ. ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಬಂದದ್ದು ಹುಲ್ಲಿನ ಮಾಡಿನ ಮೇಲೆ ಮಲಗಿದ್ದ ಬೆಕ್ಕು ನಾಯಿ ಮಳೆಗೆ ಜಾರಿ ಬೀಳುತ್ತಿದ್ದವು ಅಂತ ಅನ್ನುವ ಕಥೆ ಬುಡವಿಲ್ಲದ್ದು. ‘ದ ಹೋಲ್ ನೈನ್ ಯಾರ್ಡ್ಸ್’ ಅಂದರೆ ‘ಪೂರ್ತಿ, ಏನೂ ಬಿಡದೆ’ ಅಂತ. ಅದಕ್ಕೆ ವಿಮಾನದ ಗುಂಡಿನ ಪಟ್ಟಿಯ ಉದ್ದ ಒಂಬತ್ತು ಗಜ, ಬಟ್ಟೆಯ ಉದ್ದ ಒಂಬತ್ತು ಗಜ ಅಂತ ಹತ್ತಾರು ಕಥೆ ಕಟ್ಟಿದ್ದಾರೆ. ಆದರೆ 1912ರ ಅಮೆರಿಕದ ಪತ್ರಿಕೆಯೊಂದರಲ್ಲಿ ಅದೇ ಮಾತು ‘ಸಿಕ್ಸ್ ಯಾರ್ಡ್ಸ್’ ಅಂತ ಸಿಕ್ಕಿದ ಮೇಲೆ ಗಜಕಡ್ಡಿ ಹಿಡಿದವರೆಲ್ಲ ಸುಮ್ಮನಾಗಬೇಕಾಯಿತು. ಕಥೆ ನಿಮಗೆ ನೆನಪಿಟ್ಟುಕೊಳ್ಳಲು ನೆರವಾದರೆ ಇಟ್ಟುಕೊಳ್ಳಿ. ಬೇರೆಯವರಿಗೆ ಸತ್ಯ ಅಂತ ಹೇಳಲು ಹೋಗಬೇಡಿ.

ಕನ್ನಡದ ಜೊತೆ ಹೊಂದಿಸಿ ನೋಡುವುದು

ಇದು ಎರಡು ಅಲಗಿನ ಕತ್ತಿ. ಕೆಲವು ಮಾತು ಹಾಗೇ ಹೊಂದುತ್ತವೆ: ಮೂಗು ತೂರಿಸುವುದು ಅಲ್ಲೂ ಇದೆ, ಮೊಸಳೆ ಕಣ್ಣೀರು ಅಲ್ಲೂ ಇದೆ, ‘ಆಲ್ ಇಯರ್ಸ್’ ಅಂದರೆ ನಮ್ಮ ಮೈಯೆಲ್ಲ ಕಿವಿ. ಕೆಲವಕ್ಕೆ ಚಿತ್ರ ಬೇರೆ, ಅರ್ಥ ಒಂದೇ. ‘ಎ ಡ್ರಾಪ್ ಇನ್ ದ ಬಕೆಟ್’ ಅಂದರೆ ಬಕೆಟ್‌ಗೆ ಒಂದು ತೊಟ್ಟು, ನಮ್ಮ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನನ್ನ ಕೇಳಿದರೆ ನಮ್ಮದೇ ಚೆನ್ನಾಗಿದೆ. ಹೀಗೆ ಜೋಡಿ ಮಾಡಿಕೊಂಡರೆ ಮಾತು ತಲೆಯಲ್ಲಿ ಕೂರುತ್ತದೆ, ಯಾಕೆಂದರೆ ಯಾವ ಸಂದರ್ಭದಲ್ಲಿ ಹೇಳಬೇಕು ಅನ್ನುವುದು ಕನ್ನಡದ ಗಾದೆಯ ಜೊತೆಗೇ ಬಂದುಬಿಡುತ್ತದೆ.

ಅಪಾಯ ಇರುವುದು ಪದ ಒಂದೇ ಆಗಿದ್ದು ಅರ್ಥ ಬೇರೆ ಆದಾಗ. ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸಹಾಯ ಮಾಡು ಅಂತ. ಕನ್ನಡದಲ್ಲಿ ಕೈ ಕೊಟ್ಟ ಅಂದರೆ? ನಡುನೀರಲ್ಲಿ ಬಿಟ್ಟು ಹೋದ ಅಂತ. ‘ಪುಲ್ ಯುವರ್ ಲೆಗ್’ ಇನ್ನೊಂದು. ಅದು ಸುಮ್ನೆ ತಮಾಷೆ. ಕನ್ನಡದಲ್ಲಿ ಕಾಲೆಳೆಯುವುದು ತಮಾಷೆಯೂ ಆಗಬಹುದು, ಮೇಲೇರುವವನನ್ನು ಕೆಳಗೆ ಎಳೆಯುವ ಹೊಟ್ಟೆಕಿಚ್ಚೂ ಆಗಬಹುದು. ಯಾರೋ ‘ಆಯಾಮ್ ಜಸ್ಟ್ ಪುಲ್ಲಿಂಗ್ ಯುವರ್ ಲೆಗ್’ ಅಂದಾಗ ಮುಖ ದಪ್ಪ ಮಾಡಿಕೊಳ್ಳಬೇಡಿ.

ನಾವು ಹೇಳುವ ಕಡೆಯಿಂದಲೂ ಎಡವಟ್ಟು ಆಗುತ್ತದೆ. ‘ಐ ಹ್ಯಾವ್ ಎ ಡೌಟ್’ ಅಂತ ನಾವು ಕೇಳುವುದು ಒಂದು ಪ್ರಶ್ನೆ ಇದೆ ಅಂತ. ಕೇಳಿಸಿಕೊಂಡವರಿಗೆ ‘ನಿಮ್ಮ ಮಾತು ನನಗೆ ನಂಬಿಕೆ ಇಲ್ಲ’ ಅಂತ ಕೇಳಿಸುತ್ತದೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ಮುಗಿಯಿತು. ‘ಪಾಸ್ಡ್ ಔಟ್’ ಅಂದರೆ ನಮಗೆ ಡಿಗ್ರಿ ಮುಗಿಯಿತು, ಅವರಿಗೆ ಮೂರ್ಛೆ ಹೋದ. ‘ಪ್ರಿಪೋನ್’ ನಮಗೆ ಎಷ್ಟು ಸಲೀಸು, ಹೊರಗಿನ ಎಷ್ಟೋ ಜನ ಅದನ್ನು ಕೇಳಿಯೇ ಇಲ್ಲ. ಪದ ಒಳ್ಳೆಯದೇ, ನನಗಂತೂ ‘ಬ್ರಿಂಗ್ ಫಾರ್ವರ್ಡ್’ಗಿಂತ ಅದೇ ಇಷ್ಟ, ಆದರೆ ಎದುರಿನವರಿಗೆ ತಿಳಿಯದಿದ್ದರೆ ಏನು ಪ್ರಯೋಜನ.

ಬೆಣ್ಣೆಯಲ್ಲಿ ಅಡಗಿದ ಕೂದಲು

ಈಗ ನಿಜವಾದ ಕಷ್ಟದ ಜಾಗ. ಇಲ್ಲಿ ಪದ ಎಲ್ಲಾ ಗೊತ್ತಿರುತ್ತವೆ, ಡಿಕ್ಷನರಿ ಬೇಕಿರುವುದಿಲ್ಲ, ಆದರೂ ಅರ್ಥ ಕೈಗೆ ಸಿಗುವುದಿಲ್ಲ. ಆಫೀಸ್‌ನಲ್ಲಿ ಬೈಯುವುದನ್ನು, ಬೇಡ ಅನ್ನುವುದನ್ನು, ಆಜ್ಞೆ ಮಾಡುವುದನ್ನು ಮೆತ್ತಗೆ ಸುತ್ತಿ ಕೊಡುತ್ತಾರೆ.

‘ಯು ಮೈಟ್ ವಾಂಟ್ ಟು ಚೆಕ್ ದ ನಂಬರ್ಸ್’ ಅಂತ ಬಾಸ್ ಬರೆದರೆ ನಿಮಗೆ ಇಷ್ಟ ಇದ್ದರೆ ನೋಡಿ ಅಂತ ಅಲ್ಲ. ಲೆಕ್ಕ ತಪ್ಪಿದೆ, ಈಗಲೇ ನೋಡು ಅಂತ. ‘ಆಸ್ ಪರ್ ಮೈ ಲಾಸ್ಟ್ ಇಮೇಲ್’ ಅಂದರೆ ಹೋದ ಸಲವೇ ಬರೆದಿದ್ದೆ, ನೀನು ಓದಿಲ್ಲ ಅಂತ ಹಲ್ಲು ಕಚ್ಚಿ ಹೇಳುವುದು. ‘ಗೋಯಿಂಗ್ ಫಾರ್ವರ್ಡ್’ಗೆ ಅರ್ಥ ಇನ್ನು ಮುಂದೆ ಅಂತ ಅಷ್ಟೇ, ಆದರೆ ಒಂದು ತಪ್ಪು ನಡೆದ ಮೇಲೆ ಅದು ಬಂದರೆ ಮತ್ತೆ ಹೀಗಾಗಬಾರದು ಅನ್ನುವ ಎಚ್ಚರಿಕೆ. ‘ಲೆಟ್ಸ್ ಟೇಕ್ ದಿಸ್ ಆಫ್‌ಲೈನ್’ ಅಂದಾಗ ಇಂಟರ್ನೆಟ್ ಆರಿಸಬೇಕಿಲ್ಲ. ಎಲ್ಲರ ಸಮಯ ಹಾಳಾಗುತ್ತಿದೆ, ಇದನ್ನು ಆಮೇಲೆ ನಾವಿಬ್ಬರೇ ಮಾತಾಡೋಣ ಅಂತ. ಆ ‘ಆಮೇಲೆ’ ಎಷ್ಟೋ ಸಲ ಬರುವುದೇ ಇಲ್ಲ. ‘ಐ ಡೋಂಟ್ ಹ್ಯಾವ್ ದ ಬ್ಯಾಂಡ್‌ವಿಡ್ತ್’ ಅಂದರೆ ಪುರಸೊತ್ತಿಲ್ಲ, ಮರ್ಯಾದೆಯ ನಕಾರ. ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ಅಂತ ಶುರುವಾದರೆ ಮುಂದೆ ಬರುವುದರಲ್ಲಿ ಗೌರವ ಹುಡುಕಬೇಡಿ.

ಇಲ್ಲಿ ದೇಶ ನೋಡಬೇಕು. ‘ಕ್ವೈಟ್ ಗುಡ್’ ಅಂತ ಅಮೆರಿಕದವರು ಅಂದರೆ ತುಂಬಾ ಚೆನ್ನಾಗಿದೆ. ಬ್ರಿಟನ್‌ನವರು ಅಂದರೆ ಹೆಚ್ಚಾಗಿ ಪರವಾಗಿಲ್ಲ ಅಂತ ಅಷ್ಟೇ. ಅದೇ ಬ್ರಿಟನ್‌ನವರು ‘ನಾಟ್ ಬ್ಯಾಡ್’ ಅಂದರೆ ಅದು ಹೊಗಳಿಕೆ ಆಗಿರಬಹುದು! ದನಿ ಕೇಳದೆ ಬರೀ ಬರಹ ನೋಡಿದರೆ ಇದನ್ನು ಬಿಡಿಸುವುದು ಕಷ್ಟ. ನಾನು ಮಾಡುವುದು ಏನೆಂದರೆ, ಹೊಗಳಿದರಾ ತೆಗಳಿದರಾ ಅಂತ ತಲೆ ಕೆಡಿಸಿಕೊಳ್ಳದೆ ‘ಇದರಲ್ಲಿ ಏನಾದರೂ ಬದಲಾಯಿಸಬೇಕಾ?’ ಅಂತ ನೇರವಾಗಿ ಕೇಳಿಬಿಡುವುದು. ಉತ್ತರ ಉದ್ದ ಬಂದರೆ ತೆಗಳಿದ್ದರು ಅಂತ ಲೆಕ್ಕ.

ಕೆಲಸದ ಜಾಹೀರಾತು, ರಿವ್ಯೂ, ಕೆಲಸದಿಂದ ತೆಗೆಯುವ ಪತ್ರ, ಇವೆಲ್ಲ ಇದೇ ಜಾತಿ. ‘ವೇರ್ ಮೆನಿ ಹ್ಯಾಟ್ಸ್’ ಅಂದರೆ ಮೂರು ಜನರ ಕೆಲಸ ಒಬ್ಬರಿಗೆ. ‘ಸೆಲ್ಫ್ ಸ್ಟಾರ್ಟರ್’ ಬೇಕು ಅಂದರೆ ಹೇಳಿಕೊಡುವವರು ಇಲ್ಲದೇ ಇರಬಹುದು. ‘ಏರಿಯಾ ಫಾರ್ ಡೆವಲಪ್‌ಮೆಂಟ್’ ಅಂದರೆ ನಿಮ್ಮ ಕೊರತೆ. ‘ಸನ್‌ಸೆಟ್ ಮಾಡುತ್ತಿದ್ದೇವೆ’ ಅಂದರೆ ಆ ಪ್ರಾಡಕ್ಟ್ ಮುಚ್ಚುತ್ತಿದ್ದೇವೆ. ‘ವಿ ಹ್ಯಾವ್ ಟು ಲೆಟ್ ಯು ಗೋ’ ಅಂದರೆ ಬೇಗ ಮನೆಗೆ ಹೋಗು ಅಂತ ಅಲ್ಲ, ಕೆಲಸ ಹೋಯಿತು ಅಂತ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಒಂದು ಸಣ್ಣ ಪದ ಎಲ್ಲಾ ಬದಲಾಯಿಸುತ್ತದೆ

‘ಪುಶ್ ಬ್ಯಾಕ್ ದ ಡೇಟ್’ ಅಂದರೆ ತಾರೀಖು ತಡ ಮಾಡು. ‘ಪುಶ್ ಬ್ಯಾಕ್ ಆನ್ ದ ಡೇಟ್’ ಅಂದರೆ ಆ ತಾರೀಖು ಒಪ್ಪಬೇಡ, ವಾದ ಮಾಡು. ನಡುವೆ ಇರುವುದು ಒಂದು ‘ಆನ್’. ‘ಸೈನ್ ಆಫ್’ ಅಂದರೆ ಮಾತು ಮುಗಿಸು, ‘ಸೈನ್ ಆಫ್ ಆನ್’ ಅಂದರೆ ಒಪ್ಪಿಗೆ ಕೊಡು. ‘ಲುಕ್ ಓವರ್’ ಅಂದರೆ ಕಣ್ಣಾಡಿಸು, ‘ಓವರ್‌ಲುಕ್’ ಅಂದರೆ ಗಮನಿಸದೆ ಬಿಡು, ‘ಓವರ್‌ಸೀ’ ಅಂದರೆ ಮೇಲ್ವಿಚಾರಣೆ. ‘ಓವರ್‌ಸೈಟ್’ಗಂತೂ ಮೇಲ್ವಿಚಾರಣೆ ಅಂತಲೂ ಅರ್ಥ, ಕಣ್ತಪ್ಪು ಅಂತಲೂ ಅರ್ಥ. ‘ಸ್ಯಾಂಕ್ಷನ್’ ಅಂದರೆ ಮಂಜೂರಾತಿಯೂ ಹೌದು, ನಿರ್ಬಂಧವೂ ಹೌದು. ಇವನ್ನು ಬಿಡಿ ಪದವಾಗಿ ಕಲಿತು ಪ್ರಯೋಜನವಿಲ್ಲ, ಇಡೀ ವಾಕ್ಯವನ್ನೇ ಬರೆದಿಟ್ಟುಕೊಳ್ಳಿ.

ನುಡಿಗಟ್ಟುಗಳನ್ನು ಇಷ್ಟಬಂದಂತೆ ಬಗ್ಗಿಸಲೂ ಆಗುವುದಿಲ್ಲ. ‘ಕಿಕ್ಡ್ ದ ಬಕೆಟ್’ ಅಂದರೆ ಸತ್ತ. ‘ಕಿಕ್ಡ್ ಎ ಬಕೆಟ್’ ಅಂದರೆ ನಿಜವಾಗಿಯೂ ಬಕೆಟ್ ಒದ್ದ. ‘ದ ಬಕೆಟ್ ವಾಸ್ ಕಿಕ್ಡ್’ ಅಂದರೂ ಸಾವು ಮಾಯ, ಬಕೆಟ್ ಮಾತ್ರ ಉಳಿಯುತ್ತದೆ. ಆದರೆ ‘ಸ್ಪಿಲ್ ದ ಬೀನ್ಸ್’ ಅಂದರೆ ಗುಟ್ಟು ಬಿಟ್ಟುಕೊಡುವುದು, ಅದನ್ನು ‘ದ ಬೀನ್ಸ್ ವರ್ ಸ್ಪಿಲ್ಡ್’ ಅಂತ ತಿರುಗಿಸಿದರೂ ಅರ್ಥ ಉಳಿಯುತ್ತದೆ, ಯಾಕೆಂದರೆ ಅಲ್ಲಿ ಬೀನ್ಸ್ ಅಂದರೆ ಗುಟ್ಟು ಅಂತ ಬಿಡಿಸಿ ಹೇಳಬಹುದು. ಬಕೆಟ್‌ಗೆ ಹಾಗೆ ಯಾವ ಅರ್ಥವೂ ಇಲ್ಲ. ಖಚಿತ ಇಲ್ಲದಿದ್ದರೆ ಕೇಳಿದ ರೂಪದಲ್ಲೇ ಹೇಳಿ.

ಹುಡುಕುವುದು, ಬರೆದಿಡುವುದು, ಕೇಳುವುದು

ಸಾಮಾನ್ಯ ಡಿಕ್ಷನರಿ ಬಿಟ್ಟು ಕಲಿಯುವವರಿಗಾಗಿ ಮಾಡಿದ್ದನ್ನು ಬಳಸಿ. ಕೇಂಬ್ರಿಡ್ಜ್, ಆಕ್ಸ್‌ಫರ್ಡ್, ಲಾಂಗ್‌ಮನ್ ಮೂವರದೂ ಆನ್‌ಲೈನ್‌ನಲ್ಲಿ ಉಚಿತವಾಗಿ ಇವೆ. ಅರ್ಥದ ಪಕ್ಕದಲ್ಲಿರುವ ಸಣ್ಣ ಗುರುತುಗಳನ್ನು ಹಾರಿಸಬೇಡಿ: ಇನ್‌ಫಾರ್ಮಲ್, ಓಲ್ಡ್ ಫ್ಯಾಶನ್ಡ್, ಡಿಸ್‌ಅಪ್ರೂವಿಂಗ್, ಯುಕೆ, ಯುಎಸ್. ಅರ್ಥಕ್ಕಿಂತ ಅವೇ ಮುಖ್ಯ ಅಂತ ನನಗನಿಸುತ್ತದೆ. ಮೇಲೆ ಹೇಳಿದ ಟೇಬಲ್ ಪದಕ್ಕೆ ನಾನು ಆ ಗುರುತು ನೋಡಿದ್ದರೆ ಅವತ್ತು ಮಾನ ಉಳಿಯುತ್ತಿತ್ತು. ‘ಎಸ್‌ಬಿ’, ‘ಎಸ್‌ಟಿಎಚ್’ ಅಂತ ಕಂಡರೆ ‘ಯಾರನ್ನೋ’, ‘ಏನನ್ನೋ’ ಅಂತ ಓದಿಕೊಳ್ಳಿ, ಆ ಜಾಗದಲ್ಲಿ ನಿಮ್ಮ ಪದ ಕೂರುತ್ತದೆ. ಡಿಕ್ಷನರಿಯಲ್ಲಿ ಸಿಗದ ಹೊಸ ಆಫೀಸ್ ಪದವನ್ನು ಉದ್ಧರಣ ಚಿಹ್ನೆ ಹಾಕಿ ಗೂಗಲ್ ಮಾಡಿ. ಜನ ಮಾತಾಡುವಾಗ ಹೇಗೆ ಬಳಸುತ್ತಾರೆ ಅಂತ ಕೇಳಬೇಕಿದ್ದರೆ ಯೂಗ್ಲಿಷ್ ಅನ್ನುವ ತಾಣದಲ್ಲಿ ಪದ ಹಾಕಿ, ಅದು ಬರುವ ವಿಡಿಯೋ ತುಣುಕುಗಳನ್ನೇ ತೋರಿಸುತ್ತದೆ.

‘ಟಾಪ್ 500 ಇಡಿಯಮ್ಸ್’ ಅನ್ನುವ ಪಟ್ಟಿಗಳನ್ನು ಮಾತ್ರ ದೂರ ಇಡಿ. ಅದರಲ್ಲಿ ಅರ್ಧ ಮಾತು ಈಗ ಯಾರೂ ಆಡುವುದಿಲ್ಲ. ಬದಲಿಗೆ ನಿಮ್ಮ ಇನ್‌ಬಾಕ್ಸ್ ತೆರೆಯಿರಿ. ನಿಮ್ಮ ಬಾಸ್, ನಿಮ್ಮ ಟೀಮ್ ಪದೇ ಪದೇ ಬಳಸುವ ಮಾತು ಮೂವತ್ತು ನಲವತ್ತು ಇರಬಹುದು. ಅವನ್ನು ಬರೆದುಕೊಳ್ಳಿ, ಪಕ್ಕದಲ್ಲಿ ಯಾರು ಹೇಳಿದರು, ಯಾವಾಗ, ಆಮೇಲೆ ಏನಾಯಿತು ಅಂತ ಒಂದು ಸಾಲು. ಈ ಕೊನೆಯದೇ ನಿಜವಾದ ಅರ್ಥ. ‘ಸರ್ಕಲ್ ಬ್ಯಾಕ್’ ಮಾಡುತ್ತೇನೆ, ಅಂದರೆ ಈ ವಿಷಯಕ್ಕೆ ಆಮೇಲೆ ಮತ್ತೆ ಬರುತ್ತೇನೆ ಅಂದವರು ನಿಜವಾಗಿ ಬಂದರಾ ಇಲ್ಲವಾ ಅಂತ ಎರಡು ತಿಂಗಳು ಗುರುತು ಹಾಕಿ ನೋಡಿ, ಆ ವ್ಯಕ್ತಿಯ ಡಿಕ್ಷನರಿಯೇ ನಿಮ್ಮ ಕೈಯಲ್ಲಿರುತ್ತದೆ.

ಅರ್ಥ ಆಗದಿದ್ದಾಗ ಮೀಟಿಂಗ್ ನಡುವೆ ‘ವಾಟ್ ಡಸ್ ಇಟ್ ಮೀನ್’ ಅಂತ ಕೇಳಲು ಹಿಂಜರಿಕೆ ಆಗುತ್ತದೆ, ನನಗೂ ಆಗುತ್ತದೆ. ಹಾಗಿದ್ದರೆ ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಲ್ಲಿ ವಾಪಸ್ ಹೇಳಿ: ‘ಸೋ ಯು ವಾಂಟ್ ಮಿ ಟು ಸೆಂಡ್ ಎ ರಫ್ ನಂಬರ್ ಟುಡೇ, ರೈಟ್?’ ಇದು ಅಜ್ಞಾನದಂತೆ ಕಾಣುವುದಿಲ್ಲ, ಶಿಸ್ತಿನಂತೆ ಕಾಣುತ್ತದೆ. ಅದೂ ಅಲ್ಲದೆ ಆ ಕೋಣೆಯಲ್ಲಿ ನಿಮ್ಮ ಹಾಗೇ ಅರ್ಥವಾಗದ ಇನ್ನೂ ಇಬ್ಬರು ಇದ್ದೇ ಇರುತ್ತಾರೆ. ಇಂಗ್ಲಿಷರಿಗೇ ಇದು ಎಷ್ಟು ರೋಸಿ ಹೋಗಿದೆ ಅಂದರೆ, ಬ್ರಿಟನ್‌ನಲ್ಲಿ 1979ರಲ್ಲಿ ಶುರುವಾದ ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಅನ್ನುವ ಗುಂಪು ಅರ್ಥವಾಗದ ಬರವಣಿಗೆಗೆ ‘ಗೋಲ್ಡನ್ ಬುಲ್’ ಅಂತ ಲೇವಡಿಯ ಪ್ರಶಸ್ತಿ ಕೊಡುತ್ತದೆ. ಅಮೆರಿಕದಲ್ಲಿ ಸರ್ಕಾರಿ ಕಚೇರಿಗಳು ಸರಳವಾಗಿ ಬರೆಯಬೇಕು ಅಂತ 2010ರಲ್ಲಿ ಕಾನೂನೇ ಬಂತು.

ನೀವು ಮಾತಾಡುವಾಗ? ಅರ್ಥ ಮಾಡಿಕೊಳ್ಳಲು ನೂರು ಗೊತ್ತಿರಲಿ, ಬಳಸಲು ಹತ್ತು ಸಾಕು. ‘ಕೂಡಿ ಕೆಲಸ ಮಾಡೋಣ’ ಅನ್ನುವ ಬದಲು ‘ಲೆಟ್ಸ್ ಸಿನರ್ಜೈಸ್’ ಅಂತ ಹೇಳಿ ಯಾರೂ ದೊಡ್ಡವರಾಗಿಲ್ಲ.

ಒಂದು ಮೇಲ್ ಬಿಡಿಸೋಣ

ಇಂಥ ಒಂದು ಮೇಲ್ ಬಂತು ಅಂದುಕೊಳ್ಳಿ, ಬ್ರಿಟಿಷ್ ಮ್ಯಾನೇಜರ್‌ನಿಂದ: ‘ಕ್ವೈಟ್ ಲೈಕ್ ದ ಡ್ರಾಫ್ಟ್. ಯು ಮೈಟ್ ವಾಂಟ್ ಟು ರೀವಿಸಿಟ್ ದ ಕಾಸ್ಟ್ಸ್, ಎ ಬಾಲ್‌ಪಾರ್ಕ್ ವಿಲ್ ಡೂ. ಕ್ಲೈಂಟ್ ಹ್ಯಾಸ್ ಬ್ರಾಟ್ ದ ರಿವ್ಯೂ ಫಾರ್ವರ್ಡ್, ಸೋ ಕ್ಲೋಸ್ ಆಫ್ ಪ್ಲೇ ಥರ್ಸ್‌ಡೇ ವುಡ್ ಬಿ ಗ್ರೇಟ್. ಹ್ಯಾಪಿ ಟು ಟಚ್ ಬೇಸ್. ಚಿಯರ್ಸ್.’

ಓದಿದ ತಕ್ಷಣ ಖುಷಿ ಆಗುತ್ತದೆ, ಡ್ರಾಫ್ಟ್ ಇಷ್ಟವಾಯಿತಲ್ಲ ಅಂತ. ನಿಧಾನಕ್ಕೆ ಬಿಡಿಸಿ. ಡ್ರಾಫ್ಟ್ ಪರವಾಗಿಲ್ಲ, ಅಷ್ಟೇ. ಖರ್ಚಿನ ಭಾಗ ಸರಿಯಿಲ್ಲ, ಅದನ್ನು ತಿದ್ದಲೇಬೇಕು, ಆದರೆ ಅಂದಾಜು ಸಾಕು. ರಿವ್ಯೂ ಮುಂಚೆಯೇ ನಡೆಯಲಿದೆ, ತಡ ಆಗಿಲ್ಲ, ಹಾಗಾಗಿ ಸಮಯ ಕಡಿಮೆ. ‘ಕ್ಲೋಸ್ ಆಫ್ ಪ್ಲೇ’ ಅಂದರೆ ಕ್ರಿಕೆಟ್‌ನಲ್ಲಿ ದಿನದ ಆಟ ಮುಗಿಯುವ ಹೊತ್ತು, ಇಲ್ಲಿ ಗುರುವಾರ ಸಂಜೆ ಅವರ ಆಫೀಸ್ ಮುಗಿಯುವುದರೊಳಗೆ, ‘ವುಡ್ ಬಿ ಗ್ರೇಟ್’ ಅಂದರೂ ಅದು ಗಡುವೇ. ಬೇಕಿದ್ದರೆ ಐದು ನಿಮಿಷ ಫೋನ್ ಮಾಡು, ಉದ್ದ ಮೀಟಿಂಗ್ ಇಡಬೇಡ.

ಉತ್ತರ ಮೂರು ಸಾಲು ಸಾಕು: ಖರ್ಚು ತಿದ್ದುತ್ತೇನೆ, ಅಂದಾಜು ಮೊತ್ತ ಹಾಕುತ್ತೇನೆ, ಗುರುವಾರ ನಿಮ್ಮ ಸಮಯ ಸಂಜೆ 5ರೊಳಗೆ ಕಳಿಸುತ್ತೇನೆ. ‘ಚಿಯರ್ಸ್’ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಯಾರೂ ಗ್ಲಾಸ್ ಎತ್ತಿಲ್ಲ, ಬ್ರಿಟನ್‌ನವರು ಥ್ಯಾಂಕ್ಸ್‌ಗೂ ಅದನ್ನೇ ಅನ್ನುತ್ತಾರೆ, ಬೈಗೂ ಅದನ್ನೇ ಅನ್ನುತ್ತಾರೆ.